ಗುಪ್ತ ಗಿರಾಕಿ ಬರುತ್ತಾನೆ, ಎಚ್ಚರ!

ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ನಮ್ಮ ಅಂಗಡಿಯ ಸಿಬ್ಬಂದಿಗೆ ತರಬೇತಿ ಬೇಕೆಂದು ನಾನು ಯಾರನ್ನೂ ಕೇಳಿರಲಿಲ್ಲ. ಸಿಬ್ಬಂದಿಯೂ ಕೇಳಿರಲಿಲ್ಲ. ಗಿರಾಕಿಗಳಂತೂ ಖಂಡಿತ ಕೇಳಿರಲಿಲ್ಲ. ಎಲ್ಲರೂ ಸುಖವಾಗಿದ್ದೆವು.

ಪುತ್ತೂರಿನ ಒಂದು ಪಾತ್ರೆ, ಮಿಕ್ಸಿ, ಫ್ರಿಜ್ ಅಂಗಡಿಯಲ್ಲಿ ನಾನು ಸೇಲ್ಸ್‌ಮನ್. ವಿದ್ಯಾರ್ಹತೆ ಬಿ.ಕಾಂ. ನಿಜವಾದ ಅರ್ಹತೆ ಗಂಟಲು. ಯಾರ ಸ್ವರ ಬೇಕಾದರೂ ನನ್ನ ಗಂಟಲಲ್ಲಿ ಬರುತ್ತದೆ. ನಮ್ಮ ಮಾಲಕರಾದ ಜಯಣ್ಣನಿಗೆ ಒಂದು ಅಭ್ಯಾಸವಿದೆ. ಯಾರಿಗಾದರೂ "ಇಲ್ಲ" ಎನ್ನುವ ಮೊದಲು ಅವರು ಕೆಮ್ಮುತ್ತಾರೆ. ರಜೆ ಕೇಳಿದರೆ ಸಣ್ಣ ಕೆಮ್ಮು. ಸಂಬಳ ಜಾಸ್ತಿ ಮಾಡಿ ಎಂದರೆ ಕ್ಷಯರೋಗ! ಆ ಕೆಮ್ಮನ್ನು ನಾನು ಎಷ್ಟು ಚೆನ್ನಾಗಿ ಕೆಮ್ಮುತ್ತೇನೆಂದರೆ, ಗೋಡೌನಿನಲ್ಲಿ ಊಟದ ನಂತರ ನಿದ್ದೆ ಹೋದವರೆಲ್ಲ ಎದ್ದು ಪೆಟ್ಟಿಗೆ ಹೊರತೊಡಗುತ್ತಾರೆ.

ಹೀಗಿರುವಾಗ ಜಯಣ್ಣ ಒಂದು ದಿನ ಮಂಗಳೂರಿಗೆ ಹೋದರು. ಅಲ್ಲಿ ಯಾವುದೋ ದೊಡ್ಡ ಮಳಿಗೆಯ ಬಾಗಿಲಲ್ಲಿ ಒಬ್ಬಳು ಹುಡುಗಿ ಕೈಮುಗಿದು ನಕ್ಕಳಂತೆ. ಸ್ವತಃ ಫ್ರಿಜ್ ಅಂಗಡಿ ಇಟ್ಟಿರುವ ಮನುಷ್ಯ ಅಲ್ಲಿಂದ ಒಂದು ಫ್ರಿಜ್ ಕೊಂಡುಕೊಂಡು ಬಂದರು!

"ಅದು ಟ್ರೈನಿಂಗು ಮಾರಾಯ!" ಅಂದರು, ಫ್ರಿಜ್ ಇಳಿಸಿಕೊಳ್ಳುತ್ತಾ. "ನಮ್ಮಲ್ಲಿ ಎಂತ ಉಂಟು? ಗಿರಾಕಿ ಬಂದ್ರೆ ಹಮೀದ್ ಮೊದಲು ತನ್ನ ಮೊಬೈಲು ಚಾರ್ಜಿಗೆ ಇಡ್ತಾನೆ. ಸುಮಿತ್ರಕ್ಕ ಅವರ ಮನೆಯ ದನ ಕರು ಹಾಕಿತಾ ಕೇಳ್ತಾಳೆ. ಚೇತು, ನಿನಗೆ ಬಾಯಿ ಉಂಟು. ನೀನು ಮಂಗಳೂರಿಗೆ ಹೋಗಿ ಟ್ರೈನಿಂಗ್ ಕಲಿತು ಬಾ. ಬಂದು ಇವರಿಗೆ ಕಲಿಸು. ಕಡಬದಲ್ಲಿ ಬ್ರಾಂಚ್ ತೆಗಿಲಿಕ್ಕುಂಟಲ್ಲ, ಅಲ್ಲಿಗೆ ಇನ್‌ಚಾರ್ಜ್ ಯಾರು ಅಂತ ಆಮೇಲೆ ನೋಡುವಾ."

ಕೆಮ್ಮಲಿಲ್ಲ! ಅಂದರೆ ಕೊಟ್ಟ ಹಾಗೆಯೇ.

ಕಡಬ ಬ್ರಾಂಚ್ ಎಂದರೆ ನನಗೆ ಏನೆಂದು ನಿಮಗೆ ಅರ್ಥವಾಗಬೇಕಾದರೆ ನೀವು ನನ್ನ ಬಸ್ಸು ಹತ್ತಬೇಕು. ನನ್ನ ಮನೆ ಕಡಬದಲ್ಲಿ. ದಿನಾ ಬೆಳಿಗ್ಗೆ ಅಲ್ಲಿಂದ ಪುತ್ತೂರಿಗೆ, ಕಾಲೇಜು ಮಕ್ಕಳ ಬ್ಯಾಗುಗಳಿಗೂ ಯಾರದೋ ಕೋಳಿಗೂ ನಡುವೆ ಒಂದೇ ಕಾಲಲ್ಲಿ ಪ್ರಯಾಣ. ಸಂಜೆ ಇನ್ನೊಂದು ಕಾಲಲ್ಲಿ ವಾಪಸು. ಬ್ರಾಂಚ್ ಸಿಕ್ಕರೆ ಮನೆಯಿಂದ ನಡೆದೇ ಹೋಗಬಹುದು. ಮಧ್ಯಾಹ್ನ ಬಿಸಿ ಊಟ. ಕುಳಿತುಕೊಳ್ಳಲು ತಿರುಗುವ ಕುರ್ಚಿ! ಅಮ್ಮ ಅಂದೇ ಸಂಜೆ ನೆರೆಮನೆಯವರಿಗೆಲ್ಲ ಹೇಳಿಬಿಟ್ಟಳು. "ನಮ್ಮ ಚೇತು ಮ್ಯಾನೇಜರು."

ಮಂಗಳೂರಿನ ತರಬೇತಿ ಒಂದು ಹೋಟೆಲಿನ ಎ.ಸಿ. ಹಾಲಿನಲ್ಲಿ ನಡೆಯಿತು. ತರಬೇತುದಾರರು ಕೋಟು ಹಾಕಿ, ಕೆನ್ನೆಗೆ ಮೈಕು ಅಂಟಿಸಿಕೊಂಡು, ಪ್ರತಿ ವಾಕ್ಯದ ಕೊನೆಗೆ "ಎನರ್ಜಿ ಎಲ್ಲಿ? ಎನರ್ಜಿ ಎಲ್ಲಿ?" ಎಂದು ಕೇಳುತ್ತಿದ್ದರು. ನಾವೆಲ್ಲ ಕುರ್ಚಿಯ ಕೆಳಗೆ ಹುಡುಕಿದೆವು. ಆಮೇಲೆ ಒಂದೊಂದು ಬಲೂನು ಕೊಟ್ಟು, ನಮ್ಮ ಅಹಂಕಾರವನ್ನೆಲ್ಲ ಅದರೊಳಗೆ ಊದಿ ಒಡೆಯಲು ಹೇಳಿದರು. ಎಲ್ಲರದ್ದೂ ಒಡೆಯಿತು. ನನ್ನದು ಒಡೆಯಲಿಲ್ಲ. ಅದನ್ನು ಹಿಡಿದುಕೊಂಡೇ ಪುತ್ತೂರಿಗೆ ಬಂದೆ.

ಬಲೂನಿನ ಜೊತೆಗೆ ಎರಡು ಮಹಾಮಂತ್ರಗಳನ್ನೂ ತಂದಿದ್ದೆ. ಒಂದು, ಗ್ರಾಹಕರ ಖಾಸಗಿತನವನ್ನು ಗೌರವಿಸಬೇಕು. ಎರಡು, ಸಿಬ್ಬಂದಿಯನ್ನು ಪರೀಕ್ಷಿಸಲು ಗುಪ್ತ ಗ್ರಾಹಕನನ್ನು ಕಳಿಸಬೇಕು. ಮಂಗಳೂರಿನಲ್ಲಿ ಇವೆರಡೂ ಫಲಿಸಿರಬಹುದು. ಅಲ್ಲಿಂದ ಪುತ್ತೂರಿಗೆ ಬರುವ ದಾರಿಯಲ್ಲಿ ಎಲ್ಲೋ ಅವು ಹುಳಿಯಾದವು.

ಮರುದಿನ ಶಟರು ಏರಿಸುವ ಮೊದಲು ಎಲ್ಲರನ್ನೂ ಫ್ರಿಜ್ಜುಗಳ ನಡುವೆ ಸಾಲಾಗಿ ನಿಲ್ಲಿಸಿದೆ.

"ಇಂದಿನಿಂದ ಯಾವ ಗಿರಾಕಿಯನ್ನೂ ಊರು ಕೇಳುವಂತಿಲ್ಲ," ಎಂದು ಘೋಷಿಸಿದೆ.

ನಮ್ಮ ಕಡೆಯ ವ್ಯಾಪಾರ ಗೊತ್ತಿಲ್ಲದವರಿಗೆ ಇದರ ಗಾಂಭೀರ್ಯ ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಗಿರಾಕಿ ಮೆಟ್ಟಿಲು ಹತ್ತಿದ ಕೂಡಲೇ ಕೇಳುವುದು "ಎಂತ ಬೇಕು?" ಎಂದಲ್ಲ. "ನಿಮ್ಮದು ಎಲ್ಲಿ ಆಯ್ತು?" ಎಂದು. ಅವರು ಬೆಟ್ಟಂಪಾಡಿ ಎಂದರೆ "ಬೆಟ್ಟಂಪಾಡಿಯಲ್ಲಿ ಎಲ್ಲಿ?" ಆಮೇಲೆ "ಅಲ್ಲಿ ಯಾರ ಮನೆ?" ಇಷ್ಟರಲ್ಲಿ ಸುಮಿತ್ರಕ್ಕನ ನಾದಿನಿಯ ಅತ್ತೆಮನೆಯವರೋ, ಹಮೀದನ ಭಾವನ ಪಾರ್ಟ್‌ನರೋ ಸಿಕ್ಕೇ ಸಿಗುತ್ತಾರೆ. ಮುಂದೆ ತುಳುವೋ, ಬ್ಯಾರಿಯೋ, ಅರೆಭಾಷೆಯೋ, ಮಲಯಾಳವೋ, ಅವರವರ ಮನೆಮಾತಿನಲ್ಲಿ ಸುಖದುಃಖ. ಅದರ ನಡುವೆ ಎಲ್ಲೋ ಒಂದು ಕುಕ್ಕರ್ ಮಾರಾಟವಾಗಿರುತ್ತದೆ.

ಇದನ್ನೇ ನಾನು ನಿಷೇಧಿಸಿದ್ದು!

"ಊರು ಕೇಳದೆ ಕುಕ್ಕರ್ ಮಾರುದು ಹೇಗೆ ತಮ್ಮಾ?" ಎಂದಳು ಸುಮಿತ್ರಕ್ಕ. ಪಾತ್ರೆ ವಿಭಾಗ ಅವಳದ್ದು. ನಾನು ಚಡ್ಡಿ ಹಾಕುವ ಕಾಲದಿಂದ ಅಲ್ಲಿದ್ದಾಳೆ.

"ಲೀಟರ್ ಲೆಕ್ಕದಲ್ಲಿ ಮಾರುದು ಸುಮಿತ್ರಕ್ಕ."

"ಭಾಷೆ ಯಾವುದು ಅಂತ ಹೇಗೆ ಗೊತ್ತಾಗುದು?" ಹಮೀದ್ ಕೇಳಿದ. ಮಿಕ್ಸಿ, ಗ್ರೈಂಡರ್ ಅವನದ್ದು.

"ಭಾಷೆ ಒಂದೇ. ಶುದ್ಧ ಕನ್ನಡ. 'ನಮಸ್ಕಾರ, ತಮಗೆ ನಾನು ಯಾವ ರೀತಿಯಲ್ಲಿ ಸಹಾಯ ಮಾಡಬಹುದು?' ಹೇಳಿ, ಎಲ್ಲರೂ ಹೇಳಿ. ಹಲ್ಲು ಕಾಣ್ಬೇಕು. ಎನರ್ಜಿ ಎಲ್ಲಿ?"

ಹಮೀದ್ ಹಲ್ಲು ತೋರಿಸಿದ. ನೋಡಿದ ಮೇಲೆ ಹಲ್ಲು ಕಾಣುವುದೇ ಬೇಡ ಅನ್ನಿಸಿತು.

ಶಟರು ಏರಿತು. ಮೊದಲು ಬಂದವರು ಒಬ್ಬ ಹಿರಿಯ ಹೆಂಗಸು, ಮಗಳ ಜೊತೆ. ಸುಮಿತ್ರಕ್ಕ ಪಾಠ ಒಪ್ಪಿಸಿದಳು. ಆ ತಾಯಿಯ ಮುಖ ಕೆಂಪಾಯಿತು. "ಸಹಾಯವಾ? ಸಹಾಯ ಎಂತ ಬೇಡ ನಮಗೆ. ದೇವರು ಕೊಟ್ಟದ್ದುಂಟು. ದುಡ್ಡು ಕೊಟ್ಟೇ ತಗೊಳ್ಳುದು ನಾವು!" ಎಂದು ಮಗಳ ಕೈ ಹಿಡಿದು ಇಳಿದೇ ಹೋದರು. ಎರಡನೆಯವರು ಒಬ್ಬ ಅಜ್ಜ. "ತಮಗೆ" ಎಂಬ ಶಬ್ದ ಕೇಳಿದ್ದೇ ಗಾಬರಿಯಾಗಿ, "ಇದು ಬ್ಯಾಂಕಾ? ಅಂಗಡಿ ಎಲ್ಲಿ ಹಾಗಾದ್ರೆ?" ಎಂದು ಹೊರಗೆ ಬೋರ್ಡು ನೋಡಲು ಹೋದರು. ಮೂರನೆಯವನು ಹಮೀದನ ನಗುವನ್ನು ಸ್ವಲ್ಪ ಹೊತ್ತು ಗಮನಿಸಿ, ಬಸ್‌ಸ್ಟ್ಯಾಂಡಿನ ಹತ್ತಿರ ಒಳ್ಳೆಯ ಹಲ್ಲಿನ ಡಾಕ್ಟರಿದ್ದಾರೆ ಎಂದು ತಿಳಿಸಿದ.

ಸಂಜೆ ಜಯಣ್ಣ ಕೆಮ್ಮಿದರು. ಸಣ್ಣದು. ಆದರೂ ಕೆಮ್ಮು!

ತಲೆ ಕೆಟ್ಟುಹೋಯಿತು. ಇಷ್ಟು ಚಂದದ ತರಬೇತಿಯನ್ನು ಈ ಜನ ಹಾಳು ಮಾಡುತ್ತಿದ್ದಾರಲ್ಲ! ತಪ್ಪು ತರಬೇತಿಯದ್ದಲ್ಲ, ಸಿಬ್ಬಂದಿಯದ್ದು ಎಂದು ಜಯಣ್ಣನಿಗೆ ತೋರಿಸಲೇಬೇಕಿತ್ತು. ಎರಡನೆಯ ಮಂತ್ರವನ್ನು ಹೊರಗೆ ತೆಗೆದೆ. ಗುಪ್ತ ಗ್ರಾಹಕ.

ಮೊದಲು ನನ್ನ ಕ್ಲಾಸ್‌ಮೇಟ್ ಒಬ್ಬನನ್ನು ಬೆಳ್ಳಾರೆಯಿಂದ ಕರೆಸಿದೆ. ಕಪ್ಪು ಕನ್ನಡಕ, ಟೋಪಿ ಎಲ್ಲ ಹಾಕಿಸಿದೆ. ಅವನು ಒಳಗೆ ಕಾಲಿಟ್ಟದ್ದೇ ತಡ, ಸುಮಿತ್ರಕ್ಕ ಶುದ್ಧ ಕನ್ನಡದಲ್ಲಿ "ನಮಸ್ಕಾರ, ತಮ್ಮ ತಂಗಿಗೆ ಹೆರಿಗೆಯಾಯಿತೇ?" ಎಂದಳು.

ಗುಪ್ತ ಗ್ರಾಹಕನಿಗೆ ಬೇಕಾದ ಮೊದಲ ಅರ್ಹತೆ ಅವನು ಗುಪ್ತವಾಗಿರುವುದು. ಪುತ್ತೂರಿನಲ್ಲಿ ಅದು ಎಲ್ಲಿ ಸಾಧ್ಯ? ಹಾಗಾಗಿ ಸುಳ್ಯದ ಗೆಳೆಯ ದೀಪುವಿಗೆ ಫೋನು ಮಾಡಿದೆ. ಅವನೊಂದು ನಾಟಕ ತಂಡದಲ್ಲಿದ್ದಾನೆ.

"ರಾಜ್ಯದ ಗಡಿಯ ಆಚೆಯವ ಒಬ್ಬ ಇದ್ದಾನೆ, ನಿಮ್ಮಲ್ಲಿ ಯಾರೂ ನೋಡಿರ್ಲಿಕ್ಕಿಲ್ಲ," ಎಂದ ದೀಪು. "ಯಾವ ವೇಷ ಬೇಕು?"

"ಕಿರಿಕಿರಿ ಗಿರಾಕಿ. ಬೇಡದ್ದೆಲ್ಲ ಕೇಳ್ಬೇಕು. ಕಡಬದ ಧಾಟಿಯಲ್ಲಿ ಮಾತಾಡ್ಲಿ, ಎಲ್ಲಿಯವ ಅಂತ ಗೊತ್ತಾಗ್ಬಾರ್ದು. ಅವನ ಫೋಟೋ ಕಳಿಸು."

"ಕಳಿಸುದಿಲ್ಲ. ನಿನಗೆ ಗೊತ್ತಿದ್ರೆ ನಿನ್ನ ಮುಖದಲ್ಲೇ ಎಲ್ಲರಿಗೂ ಗೊತ್ತಾಗ್ತದೆ. ಈ ವಾರ ಯಾವಾಗಾದ್ರೂ ಬರ್ತಾನೆ."

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಇಂದು ತಿರುಗುವ ಕುರ್ಚಿಯಲ್ಲಿರುತ್ತಿದ್ದೆ. ಆದರೆ ತರಬೇತಿ ಪಡೆದವನಲ್ಲವೇ, ಸಿಬ್ಬಂದಿಗೆ ಪ್ರೋತ್ಸಾಹ ಕೊಡದೆ ಬಿಡುವುದುಂಟೇ? ಮರುದಿನ ಫ್ರಿಜ್ಜುಗಳ ನಡುವೆ ನಿಂತು ಹೇಳಿದೆ: "ಈ ವಾರ ಒಬ್ಬ ಸುಳ್ಳು ಗಿರಾಕಿ ಬರ್ತಾನೆ. ಅವನನ್ನು ಯಾರು ಮೊದಲು ಹಿಡಿತೀರೋ ಅವರಿಗೆ ನನ್ನ ಲೆಕ್ಕದಲ್ಲಿ ಒಂದು ಗಡ್‌ಬಡ್ ಐಸ್‌ಕ್ರೀಮ್!"

ಎನರ್ಜಿ ಎಲ್ಲಿ ಎಂದು ಮತ್ತೆ ಕೇಳಬೇಕಾಗಲಿಲ್ಲ. ಎರಡು ಗಂಟೆಯೊಳಗೆ ನಮ್ಮ ಅಂಗಡಿ ಪೊಲೀಸ್ ಠಾಣೆಯಾಯಿತು. ಪಾತ್ರೆಯ ಮುಚ್ಚಳ ಎತ್ತಿ ನೋಡಿದ ಅಜ್ಜಿಗೆ ಸುಮಿತ್ರಕ್ಕ, "ಆಕ್ಟಿಂಗ್ ಒಳ್ಳೆದುಂಟು ಅಜ್ಜಿ, ಬೆನ್ನು ಸ್ವಲ್ಪ ಜಾಸ್ತಿ ಬಗ್ಗಿತು," ಎಂದಳು. ಗ್ಯಾಸ್ ಸ್ಟೌವಿನ ಪೈಪು ಕೇಳಲು ಬಂದವನ ಕಿವಿಯಲ್ಲಿ ಹಮೀದ್, "ನಿಮ್ಮದು ಯಾವ ನಾಟಕ ತಂಡ?" ಎಂದ. ದರ ಚರ್ಚೆ ಮಾಡಿದವರೆಲ್ಲ ಸಂಶಯಿತರು. ಚರ್ಚೆ ಮಾಡದೆ ಕೊಂಡವರು ಇನ್ನೂ ಹೆಚ್ಚು ಸಂಶಯಿತರು. ಒಬ್ಬ ಪಾಪದವನು ಮಿಕ್ಸಿಗೆ ನಿಜವಾದ ದುಡ್ಡು ಎಣಿಸಿಕೊಟ್ಟಾಗ ಇಬ್ಬರೂ ಆ ನೋಟುಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ಹಿಡಿಯುದು ಅಂದ್ರೆ ಮರ್ಯಾದೆಯಲ್ಲಿ ಹಿಡಿಯುದು ಮಾರಾಯ್ರೆ!" ಎಂದು ನಾನು ತಲೆ ಚಚ್ಚಿಕೊಂಡೆ. ಯಾರು ಕೇಳುತ್ತಾರೆ? ಐಸ್‌ಕ್ರೀಮಿನ ಮುಂದೆ ಗುರುವಿಗೆ ಬೆಲೆಯಿಲ್ಲ.

ಆ ವಾರದ ನಡುವಿನ ಒಂದು ಮಧ್ಯಾಹ್ನ ಜಯಣ್ಣ ಕಾರು ತೆಗೆದರು. ಕಡಬದಲ್ಲಿ ಬ್ರಾಂಚಿಗೆಂದು ನೋಡಿಟ್ಟ ಕಟ್ಟಡದ ಮಾಲಕರನ್ನು ಕಾಣಲು ಹೊರಟಿದ್ದರು. ಇದುವರೆಗೆ ಬ್ರೋಕರನ ಮೂಲಕ ಮಾತಾಗಿತ್ತು. ಆ ಜಾಗಕ್ಕೆ ಇನ್ನೂ ಇಬ್ಬರು ಕಣ್ಣು ಹಾಕಿದ್ದರಂತೆ. "ಇವತ್ತು ಒಪ್ಪಿದ್ರೆ ಆಯ್ತು, ಇಲ್ಲದಿದ್ರೆ ಬ್ರಾಂಚೂ ಇಲ್ಲ, ಎಂತದೂ ಇಲ್ಲ," ಎಂದು ನನ್ನನ್ನೇ ನೋಡಿ ಹೇಳಿ ಹೋದರು.

ನಾನು ಮೇಲಿನ ಗೋಡೌನಿನಲ್ಲಿ ನನ್ನ ಭಾವೀ ಕುರ್ಚಿಯ ಬಗ್ಗೆ ಯೋಚಿಸುತ್ತಿದ್ದೆ. ಕೆಳಗಿನಿಂದ ಹಮೀದನ ಕೂಗು ಬಂತು. "ಚೇತೂ, ಬಾ! ಸಿಕ್ಕಿದ!"

ಇಳಿದು ನೋಡಿದರೆ ಅಂಗಡಿಯ ನಡುವೆ ಒಬ್ಬರು ನಿಂತಿದ್ದಾರೆ. ದಪ್ಪ ಮೀಸೆ, ಬಿಳಿ ಪಂಚೆ, ಕೈಯಲ್ಲಿ ಉದ್ದ ಕೊಡೆ. ಸುತ್ತ ಹಮೀದ್, ಸುಮಿತ್ರಕ್ಕ, ಬಿಲ್ಲಿಂಗ್ ಹುಡುಗಿ, ಲೋಡಿಂಗಿನವರು, ಎಲ್ಲರೂ.

"ಬಾಗಿಲಲ್ಲೇ ಹಿಡಿದದ್ದು ನಾನು!" ಎಂದ ಹಮೀದ್.

"ಸುಳ್ಳು ಹೇಳ್ಬೇಡ. ಅವರು ಗೋಡೆ ಬಡಿದು ನೋಡುವಾಗ್ಲೇ ನಾನು ಹೇಳ್ಲಿಲ್ವಾ?" ಎಂದಳು ಸುಮಿತ್ರಕ್ಕ.

"ಎಂತೆಲ್ಲ ಮಾಡಿದ್ರು?" ನಾನು ಪರೀಕ್ಷಕನ ಗಾಂಭೀರ್ಯದಿಂದ ಕೇಳಿದೆ.

"ಎಂತ ಮಾಡ್ಲಿಲ್ಲ ಕೇಳು!" ಎಂದ ಹಮೀದ್. " ಹಿಮ್ಮಡಿಯಲ್ಲಿ ನೆಲ ಗುದ್ದಿ ನೋಡಿದ್ರು. ದಿನಕ್ಕೆ ಎಷ್ಟು ವ್ಯಾಪಾರ ಕೇಳಿದ್ರು. ಲಾರಿ ಹಗಲು ಬರುದಾ ರಾತ್ರಿ ಬರುದಾ ಕೇಳಿದ್ರು. ಕಕ್ಕಸು ನೋಡಿದ್ರು. ಯಾವ ಗಿರಾಕಿ ಕಕ್ಕಸು ನೋಡ್ತಾನೆ ಮಾರಾಯ?"

ಮೀಸೆಯವರು ಕೊಡೆ ನೆಲಕ್ಕೆ ಊರಿದರು. "ಎಂತ ಇದು? ಒಂದು ಅಂಗಡಿ ನೋಡ್ಲಿಕ್ಕೆ ಬಂದವನನ್ನು ಕಳ್ಳನ ಹಾಗೆ ಸುತ್ತುಗಟ್ಟುದಾ? ನಿಮ್ಮ ಧಣಿ ಎಲ್ಲಿ? ನಾನು ಕಡಬದಿಂದ ಬಂದದ್ದು!"

ಕಡಬ! ನಾನು ನಕ್ಕುಬಿಟ್ಟೆ. ಬೇರೆ ಯಾವ ಊರಿನ ಹೆಸರು ಹೇಳಿದ್ದರೂ ಸ್ವಲ್ಪ ಅನುಮಾನವಾದರೂ ಬರುತ್ತಿತ್ತು.

"ಇಲ್ಲೇ ನೀವು ಸೋತದ್ದು," ಎಂದೆ, ಅವರ ಹೆಗಲ ಮೇಲೆ ಕೈ ಹಾಕಿ. "ವೇಷ ಫಸ್ಟ್ ಕ್ಲಾಸ್. ಕೊಡೆ ಸೂಪರ್. ಮಾತು ಮಾತ್ರ ಕಡಬದ್ದಲ್ಲ. ಮಡಿಕೇರಿ ಕಡೆಯ ಹಾಗೆ ಕೇಳ್ತದೆ. ಕಡಬದವರು ಹೀಗೆ ಮಾತಾಡುದಿಲ್ಲ."

"ಹಾಗಾದ್ರೆ ಹೇಗೆ ಮಾತಾಡುದು?" ಎಂದರು ಅವರು, ಬಹಳ ಮೆಲ್ಲನೆ.

ಆ ಮೆಲ್ಲನೆಯ ದನಿಯನ್ನು ನಾನು ಕಲಿಯುವ ಆಸಕ್ತಿ ಎಂದು ತಿಳಿದೆ! ಅವರ ಕೈಯಿಂದಲೇ ಕೊಡೆ ತೆಗೆದುಕೊಂಡು, ಕಂಕುಳಲ್ಲಿ ಸಿಕ್ಕಿಸಿ, ಹೊಟ್ಟೆ ಮುಂದೆ ಮಾಡಿ ಎರಡು ಹೆಜ್ಜೆ ನಡೆದು ತೋರಿಸಿದೆ. "ಎಂತ ಸಾವು ಮಾರಾಯ, ಈ ಫ್ರಿಜ್ಜು ಎಂತ ಕರೆಂಟು ಕುಡಿತದಾ, ನೀರು ಕುಡಿತದಾ? ಹೀಗೆ! ಕೊನೆಯಲ್ಲಿ ಸ್ವರ ಎಳಿಬೇಕು. ಈಗ ನನ್ನ ಹಿಂದಿನಿಂದ ಹೇಳಿ ನೋಡುವಾ."

ಹಮೀದ್ ಚಪ್ಪಾಳೆ ತಟ್ಟಿದ. ಅವರ ಮೀಸೆಯ ಎಡತುದಿ ನಡುಗತೊಡಗಿತು. ಅಂಟು ಸಡಿಲವಾಗಿರಬೇಕು ಎಂದುಕೊಂಡೆ. ಪಾಪ, ಕಲಾವಿದ; ಒತ್ತಿ ಸರಿಮಾಡೋಣವೆಂದು ಕೈ ಚಾಚಿದೆ.

ಆಗ ನನ್ನ ಫೋನು ಬಡಿದುಕೊಂಡಿತು. ಒಂದು ಕ್ಷಣ ತಡವಾಗಿದ್ದರೂ ಈ ಬರಹವನ್ನು ನಾನು ಆಸ್ಪತ್ರೆಯಿಂದ ಬರೆಯಬೇಕಿತ್ತು.

"ಚೇತು," ಎಂದರು ಆಚೆಯಿಂದ ಜಯಣ್ಣ. "ನಾನು ಇಲ್ಲಿ ಕಾಯ್ತಾ ಇದ್ದೇನೆ, ಅವರು ಅಲ್ಲಿಗೆ ಬಂದಿದ್ದಾರಂತೆ ಮಾರಾಯ! ಕಟ್ಟಡದ ಪದ್ಮಯ್ಯ ಗೌಡ್ರು! ಬಾಡಿಗೆಗೆ ಕೊಡುವ ಮೊದಲು ನಮ್ಮ ಅಂಗಡಿ ಹೇಗುಂಟು ಅಂತ ಹೇಳದೆ ಕೇಳದೆ ನೋಡಿ ಬರುವಾ ಅಂತ ಬಸ್ಸು ಹತ್ತಿದ್ದಂತೆ. ದಪ್ಪ ಮೀಸೆ, ಬಿಳಿ ಪಂಚೆ, ಉದ್ದದ ಕೊಡೆ. ತುಂಬ ವರ್ಷ ಮಡಿಕೇರಿಯಲ್ಲಿ ಇದ್ದು ಈಗ ಊರಿಗೆ ಬಂದವರು. ಬಂದ್ರೆ ಒಳ್ಳೆ ಮಾಡಿ ನೋಡಿಕೊಳ್ಳಿ, ಆಯ್ತಾ?"

ನಾನು ಮೀಸೆ ನೋಡಿದೆ. ಪಂಚೆ ನೋಡಿದೆ. ಕೊಡೆ ನನ್ನ ಕಂಕುಳಲ್ಲಿತ್ತು.

"ನೋಡಿಕೊಳ್ತಾ ಇದ್ದೇವೆ ಸರ್," ಎಂದೆ.

ನನ್ನ ಕಿವಿ ತಪ್ಪಿರಲಿಲ್ಲ ನೋಡಿ. ಮಡಿಕೇರಿ ಎಂದು ಸರಿಯಾಗಿಯೇ ಹಿಡಿದಿತ್ತು. ತಪ್ಪಿದ್ದು ಎರಡು ಕಿವಿಗಳ ನಡುವೆ ಇದ್ದದ್ದು.

ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು, ವೀಳ್ಯ ಕೊಡುವ ಹಾಗೆ ಬಗ್ಗಿ ಅವರಿಗೆ ಒಪ್ಪಿಸಿದೆ. ಗಾಬರಿಗೆ ಬಾಯಿಯಿಂದ ಹೊರಬಿದ್ದದ್ದು, ದೇವರಾಣೆ, "ನಮಸ್ಕಾರ, ತಮಗೆ ನಾನು ಯಾವ ರೀತಿಯಲ್ಲಿ ಸಹಾಯ ಮಾಡಬಹುದು?"

ಗೌಡರು ಕೊಡೆ ತೆಗೆದುಕೊಂಡರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ, ನಾನು ಇಡೀ ಅಂಗಡಿಗೆ ನಿಷೇಧಿಸಿದ್ದ ಪ್ರಶ್ನೆಯನ್ನು ನನಗೇ ಕೇಳಿದರು.

"ನಿನ್ನದು ಎಲ್ಲಿ ಆಯ್ತು?"

"ಕಡಬ."

"ಕಡಬದಲ್ಲಿ ಎಲ್ಲಿ?"

"ಶಾಲೆಯ ಹಿಂದೆ... ಗುಡ್ಡೆಯ ಬದಿ."

"ಅಲ್ಲಿ ಯಾರ ಮಗ?"

ಸುಳ್ಳು ಹೇಳಬಹುದಿತ್ತು. ಪಕ್ಕದಲ್ಲಿ ಸುಮಿತ್ರಕ್ಕ ಇದ್ದಳು, ಹೇಳಲು ಬಿಡುತ್ತಾಳೆಯೇ? "ಕಮಲಾಕ್ಷಿಯ ಮಗ, ಒಬ್ಬನೇ ಮಗ," ಎಂದು ಅವಳೇ ಒಪ್ಪಿಸಿಬಿಟ್ಟಳು. ಕೆಲವು ದಿನಗಳಿಂದ ತಡೆಹಿಡಿದಿದ್ದದ್ದೆಲ್ಲ ಒಮ್ಮೆಲೇ ಬಂತು.

"ನಮ್ಮ ಕಮಲನಾ?" ಗೌಡರ ಹುಬ್ಬು ಮೇಲೇರಿತು. "ನನ್ನ ಚಿಕ್ಕಮ್ಮನ ಮಗಳು ಕಮಲ! ನಿನ್ನನ್ನು ತೊಟ್ಟಿಲಲ್ಲಿ ನೋಡಿದ್ದೆ. ಆಗ್ಲೂ ಬಾಯಿ ಮುಚ್ಚುತ್ತಿರ್ಲಿಲ್ಲ ನೀನು. ನಾನು ನಿನ್ನ ಮಾವ ಮಾರಾಯ!"

ಸುಮಿತ್ರಕ್ಕ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. "ಮತ್ತೆ ಗಡ್‌ಬಡ್ ಇಲ್ವಾ?"

ಮಾವ ಫೋನು ತೆಗೆದರು. ಕುರ್ಚಿಯಲ್ಲಿ ಕುಳಿತು, ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ಅಮ್ಮನಿಗೆ ಕರೆ ಮಾಡಿದರು. "ಕಮಲಾ, ನಾನು ಪದ್ಮಯ್ಯಣ್ಣ. ಹ್ಞಾಂ, ಆರಾಮ. ನಿನ್ನ ಮಗನ ಅಂಗಡಿಯಲ್ಲಿ ಇದ್ದೇನೆ. ನನಗೆ ಮಾತಾಡ್ಲಿಕ್ಕೆ ಕಲಿಸ್ತಾ ಇದ್ದಾನೆ."

ಸಂಜೆಯ ಬಸ್ಸಿನಲ್ಲಿ ದೀಪುವಿನ ಫೋನು ಬಂತು. ಅವನಿಗೂ ಸಿಟ್ಟು. "ಎಂತ ಅಂಗಡಿಯಾ ನಿಮ್ಮದು? ನಮ್ಮವ ಇವತ್ತು ಬಂದಿದ್ದ. ವಿಗ್ ಹಾಕಿ, ಅರ್ಧ ಗಂಟೆ ಮಿಕ್ಸಿಯ ಹತ್ರ ನಿಂತಿದ್ದ. ಒಬ್ಬರೂ ತಿರುಗಿ ನೋಡ್ಲಿಲ್ಲ! ನೀವೆಲ್ಲ ಯಾವನೋ ಮೀಸೆಯವನ ಸುತ್ತ ನಿಂತು ನಾಟಕ ಆಡ್ತಾ ಇದ್ರಂತೆ."

"ಮತ್ತೆ?"

"ಮತ್ತೆ ಎಂತ? ಅವನ ಹೆಂಡತಿಗೆ ಹೇಗೂ ಒಂದು ಮಿಕ್ಸಿ ಬೇಕಿತ್ತು. ಎದುರಿನ ಅಂಗಡಿಯಲ್ಲಿ ತಗೊಂಡ. ಅಲ್ಲಿ ಊರು ಎಲ್ಲ ಕೇಳಿ ಒಳ್ಳೆ ಮಾತಾಡಿಸಿದ್ರಂತೆ."

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಇದ್ದಳು.

"ಮಾವನ ಕೊಡೆ ಕಿತ್ಕೊಂಡಿಯಂತೆ?"

"ಮಾವ ಅಂತ ಗೊತ್ತಿರ್ಲಿಲ್ಲಮ್ಮ."

"ಕೇಳಿದ್ರೆ ಗೊತ್ತಾಗ್ತಿತ್ತಲ್ಲ."

"ಕೇಳ್ಬಾರ್ದು ಅಂತ ರೂಲ್ ಉಂಟು."

"ಯಾವ ಮಂಗ ಮಾಡಿದ ಆ ರೂಲು?"

ನಾನು ಚಪ್ಪಲಿ ಕಳಚತೊಡಗಿದೆ. ಅಮ್ಮ ನನ್ನ ಮುಖ ನೋಡಿದಳು. ಗಂಜಿ ಬಡಿಸಿದಳು. ಉಪ್ಪಿನಕಾಯಿ ಹಾಕಲಿಲ್ಲ.

ಮಾವ ಕಟ್ಟಡ ಕೊಟ್ಟರು. ತಂಗಿಯ ಮಗ ಇರುವ ಅಂಗಡಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲವಂತೆ. ಒಂದೇ ಷರತ್ತು ಹಾಕಿದರು. "ಇವನೂ ಇಲ್ಲಿಗೇ ಬರ್ಲಿ. ಆದ್ರೆ ಯಾರ ಮೇಲೂ ಅಧಿಕಾರ ಕೊಡ್ಬೇಡಿ. ಮೊದಲು ಇವನು ಕಲೀಲಿ." ನಾನು ಜಯಣ್ಣನ ಕಡೆ ಆಸೆಯಿಂದ ನೋಡಿದೆ. ಜಯಣ್ಣ ಕೆಮ್ಮಿದರು. ಅಂಥ ಕೆಮ್ಮನ್ನು ನಾನು ಇದುವರೆಗೆ ಕೇಳಿರಲಿಲ್ಲ. ಅನುಕರಣೆ ಮಾಡಲು ಇನ್ನೂ ಅಭ್ಯಾಸ ಮಾಡುತ್ತಿದ್ದೇನೆ.

ಈಗ ನಾನು ಮನೆಯಿಂದ ನಡೆದೇ ಕೆಲಸಕ್ಕೆ ಹೋಗುತ್ತೇನೆ. ಮಧ್ಯಾಹ್ನ ಬಿಸಿ ಊಟವೂ ಇದೆ. ಕಡಬ ಬ್ರಾಂಚಿನ ಇನ್‌ಚಾರ್ಜ್ ಹಮೀದ್. ಪುತ್ತೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಾನೆ, ಸುಸ್ತಾಗಿರುತ್ತಾನೆ, ಆದ್ದರಿಂದ ಅವನು ಬಂದ ಕೂಡಲೇ ಕುರ್ಚಿ ಒರೆಸಿಕೊಡುವುದು ನನ್ನ ಜವಾಬ್ದಾರಿ. ಕಟ್ಟಡದ ಮೇಲಂತಸ್ತಿನಲ್ಲಿ ಮಾವನ ಮನೆ. ಸಂಜೆ ಚಾ ಕುಡಿದು ಕೆಳಗೆ ಬಂದು, ಬಾಗಿಲ ಬಳಿ ಕುಳಿತು, ನಾನು ಗಿರಾಕಿಗಳ ಹತ್ತಿರ ಮಾತಾಡುವುದನ್ನು ಪರೀಕ್ಷಿಸುತ್ತಾರೆ. ಇದುವರೆಗೆ ಪಾಸಾಗಿಲ್ಲ.

ಅಂಗಡಿಯಿಂದ ಎಲ್ಲರಿಗೂ ಕೊರಳಿಗೆ ಹಾಕುವ ಕಾರ್ಡು ಬಂದಿದೆ. ನನ್ನದರಲ್ಲಿ ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ 'ಟ್ರೈನಿ' ಎಂದಿದೆ. ಫೋಟೋ ಮಾತ್ರ ಒಳ್ಳೆಯದು ಬಂದಿದೆ.